ಇಂಗ್ಲಿಷ್ ಓರಲ್ ಎಕ್ಸಾಮ್‌ಗೆ ಟಾಪಿಕ್ ಆರಿಸ್ಕೊಳ್ಳೋದು ಹೇಗೆ?

ಓರಲ್ ಎಕ್ಸಾಮ್ ಡೇಟ್ ಹೇಳಿದ ತಕ್ಷಣ ಕ್ಲಾಸಲ್ಲಿ ಬರೋ ಮೊದಲ್ನೇ ಪ್ರಶ್ನೆ, "ಮಿಸ್, ಯಾವ ಟಾಪಿಕ್ ತಗೊಂಡ್ರೆ ಜಾಸ್ತಿ ಮಾರ್ಕ್ಸ್ ಬರತ್ತೆ?" ಎರಡನೇ ದಿನ ಅದೇ ಪ್ರಶ್ನೆ ಅಮ್ಮಂದಿರ ವಾಟ್ಸಾಪಲ್ಲಿ ಬರತ್ತೆ. ಭಾರಿ ಟಾಪಿಕ್‌ಗೆ ಭಾರಿ ಮಾರ್ಕ್ಸ್ ಅಂತ ಯಾವ ಬೋರ್ಡೂ ಬರೆದಿಲ್ಲ. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಬಗ್ಗೆ ತೊದಲೋ ಹುಡುಗನಿಗಿಂತ ಚಿತ್ರಾನ್ನದ ಬಗ್ಗೆ ಸರಾಗವಾಗಿ ಮಾತಾಡೋ ಹುಡುಗಿಗೆ ಜಾಸ್ತಿ ಬರತ್ತೆ, ಅಷ್ಟೇ ವಿಷ್ಯ. ಆದ್ರೂ ಟಾಪಿಕ್ ಹೇಗೆ ಆರಿಸ್ಬೇಕು ಅನ್ನೋದಕ್ಕೆ ಒಂದಿಷ್ಟು ಲೆಕ್ಕಾಚಾರ ಇದೆ, ಅದನ್ನ ಹೇಳ್ತೀನಿ.

ಮೊದ್ಲು ಎಕ್ಸಾಮ್ ಹೇಗಿರತ್ತೆ ತಿಳ್ಕೊಳ್ಳಿ. ಐಸಿಎಸ್‌ಇ ಹತ್ತನೇ ಕ್ಲಾಸಲ್ಲಿ ಇಂಗ್ಲಿಷ್ ಲ್ಯಾಂಗ್ವೇಜ್‌ಗೆ 80 ಮಾರ್ಕ್ಸ್ ಬರೆಯೋ ಪರೀಕ್ಷೆ, ಉಳಿದ 20 ಕೇಳೋದಕ್ಕೂ ಮಾತಾಡೋದಕ್ಕೂ ಸೇರಿ. ಮಾತಾಡೋ ಭಾಗದಲ್ಲಿ ನೀವು ಸುಮಾರು ಎರಡು ನಿಮಿಷ ಮಾತಾಡ್ತೀರ, ಆಮೇಲೆ ಸುಮಾರು ಮೂರು ನಿಮಿಷ ಎಕ್ಸಾಮಿನರ್‌ಗಳು ಅದೇ ವಿಷ್ಯದ ಮೇಲೆ ನಿಮ್ಮ ಜೊತೆ ಚರ್ಚೆ ಮಾಡ್ತಾರೆ. ಅಲ್ಲಿ ನಿಮ್ಮ ಸ್ವಂತ ಟೀಚರ್ ಅಷ್ಟೇ ಅಲ್ಲ, ನಿಮ್ಮ ಕ್ಲಾಸಿಗೆ ಪಾಠ ಮಾಡದ ಇನ್ನೊಬ್ರೂ ಕೂತಿರ್ತಾರೆ. ಈ ಎರಡು ಮತ್ತು ಮೂರರ ಲೆಕ್ಕಾನ ಮಕ್ಳು ಮರ್ತೇ ಬಿಡ್ತಾರೆ, ಎಲ್ಲಾ ತಯಾರಿ ಎರಡು ನಿಮಿಷಕ್ಕೆ ಮಾಡ್ತಾರೆ, ಬಾಯಿಪಾಠ ಹೊಡೀತಾರೆ, ಕನ್ನಡಿ ಮುಂದೆ ನಿಂತು ಹೇಳ್ತಾರೆ, ಆದ್ರೆ ಅಸಲಿ ಪರೀಕ್ಷೆ ಶುರುವಾಗೋದೇ ಆಮೇಲೆ. ಹಾಗಾಗಿ ಟಾಪಿಕ್ ಆರಿಸ್ಬೇಕಾದ್ದು ಭಾಷಣಕ್ಕಲ್ಲ, ಪ್ರಶ್ನೆಗಳಿಗೆ. ಯಾವುದರ ಬಗ್ಗೆ ಯಾರು ಏನೇ ಕೇಳಿದ್ರೂ ನಿಮಗೆ ಬಾಯಿ ಬರತ್ತೋ ಅದೇ ನಿಮ್ಮ ಟಾಪಿಕ್.

ಸಿಬಿಎಸ್‌ಇಯಲ್ಲಿ ಇದನ್ನ ಎಎಸ್‌ಎಲ್ (ಅಸೆಸ್ಮೆಂಟ್ ಆಫ್ ಸ್ಪೀಕಿಂಗ್ ಅಂಡ್ ಲಿಸನಿಂಗ್) ಅಂತಾರೆ. ಅಲ್ಲಿ ಸಾಮಾನ್ಯವಾಗಿ ಇಬ್ಬಿಬ್ರನ್ನ ಜೋಡಿಯಾಗಿ ಕೂರಿಸ್ತಾರೆ, ಮೊದ್ಲು ಪರಿಚಯ, ಆಮೇಲೆ ಒಬ್ಬೊಬ್ರ ಚಿಕ್ಕ ಪ್ರೆಸೆಂಟೇಶನ್, ಕೊನೆಗೆ ಇಬ್ರೂ ಸೇರಿ ಮಾತುಕತೆ. ಫ್ಲೂಯೆನ್ಸಿ, ಉಚ್ಚಾರಣೆ, ಭಾಷೆ ಇವುಗಳ ಜೊತೆ ಇನ್ನೊಬ್ರ ಜೊತೆ ಹೇಗೆ ಮಾತು ಮುಂದುವರಿಸ್ತೀರ ಅನ್ನೋದಕ್ಕೂ ಮಾರ್ಕ್ಸ್ ಇರೋದ್ರಿಂದ ಟಾಪಿಕ್ ನಿಮ್ಮ ಪಾರ್ಟ್ನರ್‌ಗೂ ಬಾಯಿ ಬಿಡೋ ಥರದ್ದಾಗಿರ್ಬೇಕು. ನೀವು ಡ್ರೋನ್ ಬಗ್ಗೆ ಪಂಡಿತರಾಗಿದ್ದು ಪಕ್ಕದವಳು ಡ್ರೋನ್ ಮುಟ್ಟೇ ಇಲ್ಲ ಅಂದ್ರೆ ಇಬ್ರಿಗೂ ನಷ್ಟ.

ಇನ್ನು ಟಾಪಿಕ್ ವಿಷ್ಯಕ್ಕೆ ಬರೋಣ. ಪ್ರತಿ ವರ್ಷ ಬರೋವು ಇವೇ: ಗ್ಲೋಬಲ್ ವಾರ್ಮಿಂಗ್, ಸೋಶಿಯಲ್ ಮೀಡಿಯಾದ ಒಳಿತು ಕೆಡುಕು, ಪ್ಲಾಸ್ಟಿಕ್ ಪೊಲ್ಯೂಶನ್, ನನ್ನ ರೋಲ್ ಮಾಡೆಲ್ ಅಬ್ದುಲ್ ಕಲಾಂ. ಇವು ಕೆಟ್ಟ ವಿಷಯಗಳಲ್ಲ, ಆದ್ರೆ ಎರಡು ನಿಮಿಷಕ್ಕೆ ತೀರಾ ದೊಡ್ಡವು. ಎರಡು ನಿಮಿಷ ಅಂದ್ರೆ ನಿಧಾನಕ್ಕೆ ಮಾತಾಡಿದ್ರೆ 220ರಿಂದ 260 ಪದ, ನೋಟ್‌ಬುಕ್ಕಲ್ಲಿ ಒಂದು ಪುಟದ ಮೇಲೆ ಸ್ವಲ್ಪ. ಅಷ್ಟರಲ್ಲಿ ಇಡೀ ಭೂಮಿ ಬಿಸಿಯಾಗೋದನ್ನ ಹೇಳೋಕೆ ಹೋದ್ರೆ ಎಲ್ಲಾರೂ ಹೇಳಿದ ನಾಲ್ಕು ವಾಕ್ಯನೇ ಬರೋದು. ಆಮೇಲೆ ಎಕ್ಸಾಮಿನರ್ "ಸರಿ, ನಿಮ್ಮ ಮನೇಲಿ ಇದಕ್ಕೆ ಏನು ಮಾಡ್ತೀರ?" ಅಂತ ಸುಮ್ನೆ ಒಂದು ಮಾತು ಕೇಳಿದ್ರೆ ಮಗು ಸೀಲಿಂಗ್ ನೋಡತ್ತೆ.

ದೊಡ್ಡ ವಿಷ್ಯ ಇಷ್ಟ ಅಂದ್ರೆ ಬಿಡ್ಬೇಡಿ, ಕತ್ತರಿಸಿ. ಪ್ಲಾಸ್ಟಿಕ್ ಬೇಕಾ? ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಆಗಿತ್ತು, ದೇಶದಲ್ಲೆಲ್ಲಾ ಒಂದೇ ಸಲ ಬಳಸಿ ಬಿಸಾಡೋ ಹಲವು ಐಟಮ್‌ಗಳು 2022ರ ಜುಲೈ 1ರಿಂದ ಬ್ಯಾನ್, ಆದ್ರೂ ನಿಮ್ಮ ಬೀದಿಗೆ ಬರೋ ತರಕಾರಿ ಗಾಡಿಯವರು ಇವತ್ತೂ ತೆಳ್ಳಗಿನ ಕವರಲ್ಲೇ ಸೊಪ್ಪು ಕೊಡ್ತಿದ್ರೆ ಯಾಕೆ ಅಂತ ಅವ್ರನ್ನೇ ಹೋಗಿ ಕೇಳಿ. ಅವ್ರು ಹೇಳೋ ಉತ್ತರ (ಗಿರಾಕಿ ಚೀಲ ತರಲ್ಲ, ಕವರ್ ಇಲ್ಲ ಅಂದ್ರೆ ಮುಂದಿನ ಗಾಡಿಗೆ ಹೋಗ್ತಾರೆ, ಹೀಗೆ ಏನೋ ಒಂದು) ಅದೇ ನಿಮ್ಮ ಟಾಪಿಕ್. ಅದು ಬೇರೆ ಯಾರ ಹತ್ರಾನೂ ಇರಲ್ಲ. ಕಲಾಂ ಬೇಕಾ? ರಾಮೇಶ್ವರದಲ್ಲಿ 1931ರಲ್ಲಿ ಹುಟ್ಟಿದ್ರು ಅಂತ ಶುರು ಮಾಡಿ ರಾಷ್ಟ್ರಪತಿ ಆದ್ರು ಅನ್ನೋವರೆಗೆ ಓಡೋದು ಬೇಡ, 2015ರ ಜುಲೈ 27ರಂದು ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳ್ತಾ ಇರೋವಾಗ್ಲೇ ಕುಸಿದು ತೀರ್ಕೊಂಡ್ರಲ್ಲ, ರಾಷ್ಟ್ರಪತಿ ಹುದ್ದೆ ಮುಗಿದ್ಮೇಲೂ ಅಷ್ಟು ವಯಸ್ಸಲ್ಲಿ ಒಬ್ರು ಕ್ಲಾಸ್‌ರೂಮಿಗೆ ಯಾಕೆ ವಾಪಸ್ ಹೋಗ್ತಾರೆ ಅನ್ನೋ ಒಂದೇ ಪ್ರಶ್ನೆ ಹಿಡ್ಕೊಳ್ಳಿ.

ಐಸಿಎಸ್‌ಇ ಸಿಲೆಬಸ್ಸಲ್ಲೇ ಯಾವ ಯಾವ ಥರದ ವಿಷ್ಯ ಆಗ್ಬಹುದು ಅಂತ ಹೇಳಿದಾರೆ: ಒಂದು ಅನುಭವ ಹೇಳೋದು, ಏನನ್ನಾದ್ರೂ ವರ್ಣಿಸೋದು, ಏನಾದ್ರೂ ಮಾಡೋ ವಿಧಾನ ಹೇಳೋದು, ಅಭಿಪ್ರಾಯ, ವರದಿ, ಸಣ್ಣ ಪ್ರಸಂಗ, ಇತ್ತೀಚಿನ ಸುದ್ದಿ. ಇದ್ರಲ್ಲಿ ನನ್ನ ಫೇವರಿಟ್ ಮಾಡೋ ವಿಧಾನ, ಮತ್ತೆ ಆಶ್ಚರ್ಯ ಅಂದ್ರೆ ಇದನ್ನ ತಗೊಳ್ಳೋರೇ ಕಮ್ಮಿ, "ಅಡುಗೆ ಬಗ್ಗೆ ಮಾತಾಡಿದ್ರೆ ನಗ್ತಾರೆ ಮಿಸ್" ಅಂತಾರೆ. ಯಾರೂ ನಗಲ್ಲ. ರಾಗಿಮುದ್ದೆ ತಗೊಳ್ಳಿ. ನೀರು ಕುದಿಸ್ಬೇಕು, ಸ್ವಲ್ಪ ಹಿಟ್ಟು ತಣ್ಣೀರಲ್ಲಿ ಕದಡಿ ಮೊದ್ಲು ಹಾಕ್ಬೇಕು, ಆಮೇಲೆ ಉಳಿದ ಹಿಟ್ಟು ಮಧ್ಯದಲ್ಲಿ ಗುಡ್ಡೆ ಹಾಕಿ ಬೇಯೋಕೆ ಬಿಡ್ಬೇಕು, ಕೋಲಲ್ಲಿ ಗಂಟಿಲ್ದಂಗೆ ತಿರುವ್ಬೇಕು, ಕೈ ಒದ್ದೆ ಮಾಡ್ಕೊಂಡು ಉಂಡೆ ಕಟ್ಬೇಕು. ನೋಡಿ, ಇದ್ರ ಕ್ರಮ ತಾನಾಗೇ ಬಂದುಬಿಡ್ತು. ವಿಷಯದ ಜೋಡಣೆಗೆ ಅಂತ ಮಾರ್ಕ್ಸ್ ಇದೆ, ಮುದ್ದೆ ಮಾಡೋವಾಗ ಯಾರೂ ಉಂಡೆ ಕಟ್ಟಿ ಆಮೇಲೆ ನೀರು ಕುದಿಸಲ್ಲ, ಹಾಗಾಗಿ ಜೋಡಣೆ ತಪ್ಪೋ ಚಾನ್ಸೇ ಇಲ್ಲ. ಹಾವಭಾವಕ್ಕೂ ಮಾರ್ಕ್ಸ್ ಇದೆ, ತಿರುವೋದನ್ನ ಹೇಳ್ತಾ ಇದ್ರೆ ಕೈ ಸುಮ್ನೆ ಇರತ್ತಾ?

ಆಮೇಲೆ ಪ್ರಶ್ನೆಗಳು. ಗಂಟು ಆದ್ರೆ ಏನು ಮಾಡ್ತೀರ? ಅಗಿಯದೆ ಯಾಕೆ ನುಂಗ್ತಾರೆ? ಬಸ್ಸಾರಿನ ಜೊತೆ ಚೆನ್ನಾಗಿರತ್ತಾ ಸೊಪ್ಪಿನ ಸಾರಿನ ಜೊತೆನಾ? ಯಾಕೆ ಈಗ ಸಿಟಿಯೋರೆಲ್ಲಾ ರಾಗಿ ಹಿಂದೆ ಬಿದ್ದಿದಾರೆ? ಇಲ್ಲಿ ಒಂದೆರಡು ಫ್ಯಾಕ್ಟ್ ಜೇಬಲ್ಲಿಟ್ಕೊಳ್ಳಿ: ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯೋದು ಕರ್ನಾಟಕ, 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸ್ತು. ಇದನ್ನೆಲ್ಲಾ ಭಾಷಣದಲ್ಲಿ ತುರುಕ್ಬೇಡಿ, ಕೇಳಿದಾಗ ಹೇಳೋಕೆ ಉಳಿಸ್ಕೊಳ್ಳಿ. ಮುದ್ದೆ, ಕೋಲು, ಬಸ್ಸಾರು ಈ ಪದಗಳಿಗೆ ಇಂಗ್ಲಿಷ್ ಹುಡುಕಿ ಒದ್ದಾಡೋದೂ ಬೇಡ, ಕನ್ನಡದ ಪದ ಹೇಳಿ ಒಂದು ವಾಕ್ಯದಲ್ಲಿ ಅದೇನು ಅಂತ ವಿವರಿಸಿ, ಹಾಗೆ ವಿವರಿಸೋದೇ ಒಂದು ಇಂಗ್ಲಿಷ್ ಸ್ಕಿಲ್. ಒಂದೇ ಕಂಡೀಷನ್, ನೀವು ಒಂದ್ಸಲ ಆದ್ರೂ ನಿಜವಾಗ್ಲೂ ಮುದ್ದೆ ತಿರುವಿರ್ಬೇಕು. ಅಜ್ಜಿ ಮಾಡೋದನ್ನ ಸೋಫಾದಿಂದ ನೋಡಿದ್ದು ಸಾಲಲ್ಲ.

ಅನುಭವ ತಗೊಳ್ಳೋರು ಟ್ರಿಪ್ ಕಥೆ ತರ್ತಾರೆ. ಬೆಳಿಗ್ಗೆ ಐದಕ್ಕೆ ಎದ್ವಿ, ಬಸ್ ಹತ್ತಿದ್ವಿ, ಊಟಿ ನೋಡಿದ್ವಿ, ಖುಷಿಯಾಯ್ತು, ವಾಪಸ್ ಬಂದ್ವಿ. ದಯವಿಟ್ಟು ಬೇಡ. ಇಡೀ ಟ್ರಿಪ್ಪಲ್ಲಿ ಏನೋ ಒಂದು ಎಡವಟ್ಟಾಗಿರತ್ತಲ್ಲ, ಮಳೆಗಾಲದಲ್ಲಿ ಶಿರಾಡಿ ಘಾಟಲ್ಲಿ ಗುಡ್ಡ ಕುಸಿದು ಬಸ್ಸು ರಾತ್ರಿಯೆಲ್ಲಾ ನಿಂತಿದ್ದು, ಪಕ್ಕದ ಸೀಟಿನ ಆಂಟಿ ಎಲ್ರಿಗೂ ಚಕ್ಕುಲಿ ಹಂಚಿದ್ದು, ಆ ಒಂದು ತುಂಡು ಸಾಕು.

ಅಭಿಪ್ರಾಯದ ಟಾಪಿಕ್ ತಗೊಂಡ್ರೆ ಎಕ್ಸಾಮಿನರ್ ಬೇಕಂತ್ಲೇ ವಿರುದ್ಧ ಮಾತಾಡ್ತಾರೆ, ಅದಕ್ಕೆ ಹೆದರ್ಬೇಡಿ, ಅದು ಜಗಳ ಅಲ್ಲ, ನಿಮ್ಮನ್ನ ಮಾತಾಡ್ಸೋ ದಾರಿ. ಆದ್ರೆ ವಿರುದ್ಧ ಪಕ್ಷದಲ್ಲೂ ಅರ್ಥ ಇರೋ ವಿಷ್ಯ ಆಗಿರ್ಬೇಕು. "ಮರ ಕಡೀಬಾರ್ದು" ಅಂದ್ರೆ ಯಾರು ಏನು ವಾದ ಮಾಡ್ತಾರೆ? ಅದೇ ಐಪಿಎಲ್‌ಗೆ 2023ರಲ್ಲಿ ತಂದ ಇಂಪ್ಯಾಕ್ಟ್ ಪ್ಲೇಯರ್ ರೂಲ್ (ಮ್ಯಾಚ್ ನಡುವೆ ಒಬ್ಬ ಆಟಗಾರನ ಬದಲು ಇನ್ನೊಬ್ಬನನ್ನ ಇಳಿಸೋದು) ಇರ್ಬೇಕಾ ಬೇಡ್ವಾ ಅಂದ್ರೆ ಎರಡೂ ಕಡೆ ಮಾತಿದೆ. ಇನ್ನು ಸುದ್ದಿ ಅಂದ್ರೆ ಹುಡುಗ್ರು ಅರ್ಧ ಕ್ಲಾಸು ಆರ್‌ಸಿಬಿ ಅಂತಾರೆ, 2025ರ ಜೂನ್ 3ರಂದು ಕಪ್ ಗೆದ್ದದ್ದು. ಸರಿ, ಆದ್ರೆ ಎಕ್ಸಾಮಿನರ್ ಅದನ್ನ ಬೆಳಿಗ್ಗೆಯಿಂದ ಎಷ್ಟು ಸಲ ಕೇಳಿರ್ತಾರೆ ಯೋಚ್ನೆ ಮಾಡಿ. ಅದೇ ಆರ್‌ಸಿಬಿಗೆ ಮೊದಲ ಕಪ್ ತಂದ್ಕೊಟ್ಟೋರು ಹೆಂಗಸ್ರು, 2024ರ ಮಾರ್ಚ್ 17ರಂದು ವುಮೆನ್ಸ್ ಪ್ರೀಮಿಯರ್ ಲೀಗಲ್ಲಿ, ಸ್ಮೃತಿ ಮಂಧಾನ ಕ್ಯಾಪ್ಟನ್ಸಿಯಲ್ಲಿ, ಫೈನಲಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ ಬರೀ 12 ರನ್ನಿಗೆ 4 ವಿಕೆಟ್ ತೆಗೆದ್ರು, ಅವತ್ತು ನಿಮ್ಮ ಬೀದೀಲಿ ಪಟಾಕಿ ಹೊಡೆದ್ರಾ? 2025ರಲ್ಲಿ ಹೊಡೆದಷ್ಟೇ ಹೊಡೆದ್ರಾ? ಇದು ಟಾಪಿಕ್ ಅಂದ್ರೆ.

ಬಿಡ್ಬೇಕಾದ್ದೂ ಇವೆ. ಪಕ್ಷ ರಾಜಕೀಯ, ಜಾತಿ, ಧರ್ಮ ಬೇಡ, ಎದುರಿಗೆ ಕೂತೋರ ಮನಸ್ಸು ಗೊತ್ತಿಲ್ಲ, ನಿಮ್ಮ ಮನಸ್ಸೂ ಬಿಸಿ ಆಗತ್ತೆ. ಇತ್ತೀಚೆಗೆ ತೀರ್ಕೊಂಡ ತಾತನ ಬಗ್ಗೆ, ಮನೆಯ ಸಂಕಟದ ಬಗ್ಗೆ ಬೇಡ, ನಡುವೆ ಗಂಟಲು ಕಟ್ಟಿದ್ರೆ ಪಾಪ ಮುಂದಕ್ಕೆ ಮಾತೇ ಬರಲ್ಲ. ಹೋದ ವರ್ಷ ಅಕ್ಕ ಹೇಳಿದ್ದು, ಚಾಟ್‌ಜಿಪಿಟಿ ಬರ್ಕೊಟ್ಟಿದ್ದು ಎರಡೂ ಬೇಡ. ಸಿಕ್ಕಿ ಬೀಳೋದು ಭಾಷಣದಲ್ಲಲ್ಲ, ಭಾಷಣ ಚೆನ್ನಾಗೇ ಇರತ್ತೆ, ಆಮೇಲೆ "ನೀನು ಈಗ ಹೇಳಿದ ಆ ಪದದ ಅರ್ಥ ಏನಮ್ಮ?" ಅಂದಾಗ. ಮತ್ತೆ ನಾಲಿಗೆ ತಿರುಗದ ಪದ ಇರೋ ಟಾಪಿಕ್ಕೂ ಬೇಡ, ಆಂತ್ರಪ್ರನರ್‌ಶಿಪ್ ಅನ್ನೋದನ್ನ ಎರಡು ನಿಮಿಷದಲ್ಲಿ ಏಳು ಸಲ ಹೇಳೋ ಶಿಕ್ಷೆ ಯಾಕೆ, ಅಕ್ಕ ಮನೇಲಿ ಕೇಕ್ ಮಾಡಿ ಮಾರ್ತಾಳೆ ಅಂತ ಹೇಳಿದ್ರೂ ವಿಷ್ಯ ಅದೇ.

ಎರಡು ಮೂರು ಟಾಪಿಕ್ ಮನಸ್ಸಲ್ಲಿದ್ರೆ ಪರೀಕ್ಷೆ ಮಾಡೋದು ಹೀಗೆ. ಮೊಬೈಲಲ್ಲಿ ಎರಡು ನಿಮಿಷ ಟೈಮರ್ ಇಟ್ಟು ಒಂದೊಂದರ ಬಗ್ಗೆಯೂ ಮೊದ್ಲು ಕನ್ನಡದಲ್ಲೇ ಮಾತಾಡಿ, ಏನೂ ಬರ್ಕೊಳ್ದೆ. ಕನ್ನಡದಲ್ಲೇ 40 ಸೆಕೆಂಡಿಗೆ ಸರಕು ಖಾಲಿ ಆದ್ರೆ ಇಂಗ್ಲಿಷಲ್ಲಿ ಅದು ನಡಿಯೋದೇ ಇಲ್ಲ, ಆ ಟಾಪಿಕ್ ಬಿಡಿ. ಟೈಮರ್ ಹೊಡ್ಕೊಂಡ್ರೂ ನಿಮ್ಮ ಮಾತು ಮುಗೀದಿದ್ರೆ ಅದನ್ನ ಇಟ್ಕೊಳ್ಳಿ. ಆಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಿ ತಲೆಗೆ ಬಂದದ್ದೆಲ್ಲಾ ಕೇಳು ಅನ್ನಿ, ಚಿಕ್ಕ ಮಕ್ಳು ಎಕ್ಸಾಮಿನರ್‌ಗಿಂತ ಕಷ್ಟದ ಪ್ರಶ್ನೆ ಕೇಳ್ತಾರೆ, ಸುಳ್ಳಲ್ಲ. ಉತ್ತರ ಬರದ ಪ್ರಶ್ನೆಗಳನ್ನ ಮಾತ್ರ ಬರ್ದಿಟ್ಕೊಂಡು ಹುಡುಕಿ ತಿಳ್ಕೊಳ್ಳಿ. ಅಪ್ಪ ಅಮ್ಮಂದ್ರೇ, ಈ ಹಂತದಲ್ಲಿ ನೀವು ಕೇಳೋರಾಗಿ ಇರಿ ಸಾಕು, ಟಾಪಿಕ್ ನೀವು ಆರಿಸ್ಬೇಡಿ, ಭಾಷಣ ನೀವು ಬರೀಬೇಡಿ, ನಲವತ್ತು ವರ್ಷದೋರ ಇಂಗ್ಲಿಷ್ ಹದಿನೈದು ವರ್ಷದ ಬಾಯಲ್ಲಿ ಎರಡನೇ ವಾಕ್ಯಕ್ಕೇ ಗೊತ್ತಾಗತ್ತೆ.

ಕೆಲವು ಶಾಲೆಗಳಲ್ಲಿ ಮೊದ್ಲೇ ಆರಿಸ್ಕೊಂಡು ಬನ್ನಿ ಅಂತಾರೆ, ಇನ್ನು ಕೆಲವು ಕಡೆ ಅವತ್ತೇ ಒಂದು ಪೇಪರಲ್ಲಿ ಹಲವು ಟಾಪಿಕ್ ಕೊಟ್ಟು ಒಂದು ಗಂಟೆ ತಯಾರಿಗೆ ಬಿಡ್ತಾರೆ, ಐಸಿಎಸ್‌ಇ ಸಿಲೆಬಸ್ ಸಲಹೆ ಕೊಡೋದೂ ಹಾಗೇ. ನಿಮ್ಮಲ್ಲಿ ಯಾವ್ದು ಅಂತ ಟೀಚರನ್ನ ಈಗ್ಲೇ ಕೇಳಿ. ಅವತ್ತೇ ಕೊಡೋದಾದ್ರೆ ನಿಮ್ಮದೇ ಅಂತ ಮೂರು ನಾಲ್ಕು ಸರಕು ರೆಡಿ ಇಟ್ಕೊಂಡಿರಿ, ಮುದ್ದೆ, ಬಸ್ಸು, ಮ್ಯಾಚು, ತರಕಾರಿ ಗಾಡಿ. ಪೇಪರಲ್ಲಿ "ಬದಲಾಗ್ತಿರೋ ಊಟದ ಪದ್ಧತಿ" ಅಂತಿದ್ರೆ ಮುದ್ದೆ ಅಲ್ಲಿಗೆ ಹೋಗತ್ತೆ, "ಅಪರಿಚಿತರ ಸಹಾಯ" ಅಂತಿದ್ರೆ ಚಕ್ಕುಲಿ ಆಂಟಿ ಇದಾರೆ. ಆ ಒಂದು ಗಂಟೇಲಿ ಟಾಪಿಕ್ ಆರಿಸೋಕೆ ಹತ್ತು ನಿಮಿಷ ಮೀರಿಸ್ಬೇಡಿ.

ಇಂಗ್ಲೆಂಡಲ್ಲಿರೋ ಕನ್ನಡದ ಮನೆಗಳಿಗೆ ಒಂದ್ಮಾತು, ಅಲ್ಲಿ ಜಿಸಿಎಸ್‌ಇಯ (ನಮ್ಮ ಹತ್ತನೇ ಕ್ಲಾಸ್ ಪರೀಕ್ಷೆ ಥರದ್ದು) ಸ್ಪೋಕನ್ ಲ್ಯಾಂಗ್ವೇಜ್‌ಗೆ ಪಾಸ್, ಮೆರಿಟ್, ಡಿಸ್ಟಿಂಕ್ಷನ್ ಅಂತ ಬೇರೆ ಗ್ರೇಡ್, ಇಂಗ್ಲಿಷ್ ಮುಖ್ಯ ಗ್ರೇಡಿಗೆ ಸೇರಲ್ಲ, ಆದ್ರೆ ಪ್ರಶ್ನೆಗಳಿಗೆ ಉತ್ತರ ಕೊಡೋದು ಅಲ್ಲೂ ಇದೆ, ಹಾಗಾಗಿ ಮನೇಲಿ ದಸರಾ ಗೊಂಬೆ ಕೂರಿಸ್ತೀರಾದ್ರೆ ಅದನ್ನ ಬಿಟ್ಟು ಬೇರೆ ಹುಡುಕ್ಬೇಡಿ.

ಟಾಪಿಕ್ ಪಕ್ಕಾ ಆದ್ಮೇಲೆ ಒಂದು ಚಿಕ್ಕ ಚೀಟಿ ಮಾಡ್ಕೊಳ್ಳಿ. ಐಸಿಎಸ್‌ಇಯಲ್ಲಿ ಚಿಕ್ಕ ನೋಟ್ಸ್ ನೋಡೋಕೆ ಬಿಡ್ತಾರೆ, ಆದ್ರೆ ನೋಡ್ಕೊಂಡೇ ಓದಿದ್ರೆ ಮಾರ್ಕ್ಸ್ ಹೋಗತ್ತೆ. ಅದಕ್ಕೇ ವಾಕ್ಯ ಬರೀಬೇಡಿ, ಐದಾರು ಪದ ಬರೀರಿ, ದೊಡ್ಡ ಅಕ್ಷರದಲ್ಲಿ. ಮೊದಲ ವಾಕ್ಯ ಒಂದನ್ನ ಮಾತ್ರ ಬಾಯಿಪಾಠ ಮಾಡಿ. ಮತ್ತೆ ಅದೇ ಕ್ಲಾಸಲ್ಲಿ ಇನ್ನೊಬ್ರು ನಿಮ್ಮ ಟಾಪಿಕ್ಕೇ ತಗೊಂಡಿದ್ರೆ ಗಾಬರಿಯಾಗಿ ಹಿಂದಿನ ರಾತ್ರಿ ಬದಲಾಯಿಸೋಕೆ ಹೋಗ್ಬೇಡಿ, ಅವ್ರ ಮನೆ ಮುದ್ದೆಗೂ ನಿಮ್ಮ ಮನೆ ಮುದ್ದೆಗೂ ಸಾರು ಬೇರೆ ಇರತ್ತೆ, ಅಲ್ಲಿಂದ ಶುರು ಮಾಡಿ.