ಕೈಯಲ್ಲಿರುವ ಕಲ್ಲು ಯಾವ ಬಗೆಯದು?

ಹೊರಮೈ ನೋಡಿ ಕಲ್ಲಿಗೆ ಹೆಸರಿಡಬೇಡಿ. ಬಿಸಿಲು ಮಳೆಗೆ ಬಣ್ಣಗೆಟ್ಟಿರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಮೂಲೆ ಒಡೆದು, ಹೊಸ ಮುಖವನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ.

ಹರಳುಗಳು ಒಂದನ್ನೊಂದು ಕಚ್ಚಿಕೊಂಡು, ದಿಕ್ಕಿಲ್ಲದೆ ಹರಡಿದ್ದರೆ ಬಹುಪಾಲು ಅಗ್ನಿಶಿಲೆ. ಶಿಲಾರಸ ನೆಲದಾಳದಲ್ಲಿ ನಿಧಾನ ಆರಿದರೆ ಹರಳು ಬರಿಗಣ್ಣಿಗೇ ಕಾಣುತ್ತದೆ, ಗ್ರಾನೈಟ್ ಇಂಥದ್ದು. ಲಾವಾ ಆಗಿ ಹರಿದು ಬೇಗ ಆರಿದ್ದು ಬೆಳಗಾವಿ ಕಡೆಯ ಕಪ್ಪು ಬಸಾಲ್ಟ್.

ಬಾದಾಮಿಯ ಮರಳುಗಲ್ಲಿನಂತೆ ಕಣಗಳು ಅಂಟಿಕೊಂಡಿದ್ದರೆ ಜಲಜಶಿಲೆ, ಅಂದರೆ ಮರಳು, ಕೆಸರು ಪದರವಾಗಿ ಕೂತು ಗಟ್ಟಿಯಾದದ್ದು. ಶಹಾಬಾದ್ ಕಲ್ಲು ಸುಣ್ಣಕಲ್ಲು: ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ಬುರಬುರನೆ ನೊರೆ ಬರುತ್ತದೆ. ಸುಣ್ಣಕಲ್ಲನ್ನೇ ಹೋಲುವ, ಮೆಗ್ನೀಸಿಯಂ ಇರುವ ಡಾಲಮೈಟ್ ಆದರೆ ಪುಡಿ ಮಾಡಿದ ಮೇಲಷ್ಟೇ ನೊರೆ ಸರಿಯಾಗಿ ಕಾಣುತ್ತದೆ. ಬಿರುಕಿನಲ್ಲಿ ಕೂತ ಸುಣ್ಣವೂ ನೊರೆಗಟ್ಟಿ ದಾರಿ ತಪ್ಪಿಸುತ್ತದೆ. ಹನಿಯನ್ನು ಹೊಸ ಮುಖದ ಮೇಲೇ ಹಾಕಿ.

ಹೆಚ್ಚು ಜನ ಎಡವುವುದು ನೈಸ್ ಶಿಲೆಯಲ್ಲಿ. ಅಂಗಡಿಯವರಿಗಂತೂ ಎಲ್ಲವೂ ಗ್ರಾನೈಟೇ! ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ ನೈಸ್, ಅಂದರೆ ಒತ್ತಡ, ಶಾಖಗಳಿಂದ ಮಾರ್ಪಟ್ಟ ರೂಪಾಂತರ ಶಿಲೆ. ಅದರ ಬಿಳಿ, ಕಪ್ಪು ಪಟ್ಟೆಗಳು ಮುಷ್ಟಿಗಾತ್ರದ ಚೂರಿನಲ್ಲಿ ಕಾಣದಿರಬಹುದು, ಆದ್ದರಿಂದ ಒಂದು ಮೀಟರ್ ಅಗಲದಷ್ಟಾದರೂ ಬಂಡೆ ನೋಡಿದ ಮೇಲೆ ನಿರ್ಧರಿಸಿ.