13 ಮಿ.ಮೀ.ಗೆ ಇಳಿಸಿ ಮತ್ತೆ 19ಕ್ಕೆ ಏರಿಸಿದ್ದು: ಲೋಕಲ್ ರೈಲಿಗಾಗಿ ಮಾಡಿದ ಗೇಮ್ ಕನ್ಸೋಲ್

ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್ ರೈಲು ಹಿಡಿದರೂ ಒಂದು ಗಂಟೆ ಮೇಲೆ ಹತ್ತು ನಿಮಿಷ ಬೇಕು. ಸೀಟಿನ ಆಸೆ ಬಿಟ್ಟು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತರೆ ಎರಡೂ ಕೈ ಬಿಡುವಾಗುತ್ತವೆ. ಆ ಹೊತ್ತಿಗಾಗಿ ಅಂಗಿಯ ಜೇಬಿನಲ್ಲಿ ಹಿಡಿಸುವ ಗೇಮ್ ಕನ್ಸೋಲ್ ಒಂದನ್ನು ನಾನೇ ಮಾಡಬೇಕೆಂದು ಹೊರಟೆ. ಮನಸ್ಸಿನಲ್ಲಿದ್ದದ್ದು ನಿಂಟೆಂಡೊ ಕಂಪನಿಯ 2005ರ ಪುಟ್ಟ ಕನ್ಸೋಲ್ ಗೇಮ್‌ಬಾಯ್ ಮೈಕ್ರೋ: 101 ಮಿ.ಮೀ. ಉದ್ದ, 17 ಮಿ.ಮೀ. ದಪ್ಪ, 80 ಗ್ರಾಂ ತೂಕ. ಅದಕ್ಕಿಂತಲೂ ತೆಳ್ಳಗೆ ಮಾಡುವ ಹಟ ನನ್ನದು. ಅಷ್ಟು ಚಿಕ್ಕದಾಗಲು ಮೈಕ್ರೋ ಹಳೆಯ ಗೇಮ್‌ಬಾಯ್ ಕಾರ್ಟ್ರಿಜ್‌ಗಳನ್ನೇ (ಆಟ ತುಂಬಿದ ಡಬ್ಬಿಗಳನ್ನೇ) ಕೈಬಿಟ್ಟಿತ್ತು ಎಂಬುದನ್ನು ಆಗ ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಒಳಗಿನ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ. ಬೋರ್ಡ್ ಬರೀ 65×30 ಮಿ.ಮೀ., ಆದ್ದರಿಂದ ಅಗಲ ಉದ್ದದ ಚಿಂತೆ ಇರಲಿಲ್ಲ, ಜಗಳವೆಲ್ಲ ದಪ್ಪದ್ದು. ತಂತಿ ಸಿಕ್ಕಿಸುವ ಪಿನ್‌ಗಳ ಸಾಲು (ಪಿನ್ ಹೆಡರ್) ಹಾಕದೆ ತಂತಿಗಳನ್ನು ನೇರ ಬೋರ್ಡಿಗೇ ಬೆಸೆದೆ. ಪೆಟ್ಟಿಗೆಯ ಗೋಡೆಯನ್ನು 1.2 ಮಿ.ಮೀ.ಗೆ ಇಳಿಸಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ 503450 ಎಂಬ ಲಿಥಿಯಂ ಪಾಲಿಮರ್ ಬ್ಯಾಟರಿ ಸಿಕ್ಕಿತು. ಆ ಸಂಖ್ಯೆಯೇ ಅದರ ಅಳತೆ: 5.0 ಮಿ.ಮೀ. ದಪ್ಪ, 34 ಅಗಲ, 50 ಉದ್ದ. ಸಾಮರ್ಥ್ಯ 1000 ಎಂಎಎಚ್ (ಮಿಲಿಆಂಪ್-ಅವರ್). ಬ್ಯಾಟರಿಯನ್ನು ಬೋರ್ಡಿನ ಮೇಲೆ ಹೇರದೆ ಪಕ್ಕದಲ್ಲಿ ಮಲಗಿಸಿದೆ. ಒಟ್ಟು 13 ಮಿ.ಮೀ. ಬಂದಾಗ ಆದ ಸಂತೋಷ ಇನ್ನೂ ನೆನಪಿದೆ.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 1000 ಎಂಎಎಚ್ ಅಂದರೆ 3.7 ವೋಲ್ಟ್‌ಗೆ 3.7 ವಾಟ್-ಅವರ್, ಒಂದು ಗಂಟೆ 3.7 ವಾಟ್ ಕೊಡುವಷ್ಟು. ಅದನ್ನು ಬೋರ್ಡಿಗೆ ಬೇಕಾದ 5 ವೋಲ್ಟ್‌ಗೆ ಏರಿಸುವಾಗಲೇ ಒಂದಿಷ್ಟು ಸೋರಿಹೋಗುತ್ತದೆ. ಆಟ ಓಡುವಾಗ ಪರದೆ ಸೇರಿ ಸುಮಾರು 2.5 ವಾಟ್ ಎಳೆಯುತ್ತಿತ್ತು. ಕುರ್ಲಾ ದಾಟಿ ದಾದರ್ ಬರುವಷ್ಟರಲ್ಲಿ ಕೆಂಪು ದೀಪ. ಸಂಜೆ ವಾಪಸ್ ಬರುವಾಗ ಜೇಬಿನಲ್ಲಿ ಭಾರ ಮಾತ್ರ. ಮೇಲಾಗಿ ಬೋರ್ಡಿನ ಮುಖ್ಯ ಚಿಪ್ಪಿನ ಮೇಲೆ ಗಾಳಿಗೆ ಜಾಗವೇ ಇರಲಿಲ್ಲ. ಮೇ ತಿಂಗಳ ಸೆಕೆಯಲ್ಲಿ, ತುಂಬಿದ ಬೋಗಿಯಲ್ಲಿ, ಅದು 80 ಡಿಗ್ರಿ ಮುಟ್ಟಿ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಮೊದಲು ಸದ್ದು ತುಂಡುತುಂಡಾಗುತ್ತಿತ್ತು, ಆಮೇಲೆ ಆಟ ನಿಧಾನವಾಗುತ್ತಿತ್ತು. ಚಿಪ್ಪಿನ ಹಿಂದೆ ಪೆಟ್ಟಿಗೆಯ ಪಿಎಲ್‌ಎ ಪ್ಲಾಸ್ಟಿಕ್ಕು ಮೆತ್ತಗಾಗಿ ಸಣ್ಣಗೆ ಸೊಟ್ಟಗಾಯಿತು. ಪಿಎಲ್‌ಎ 60 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ಇಂಥ ಕೆಲಸಕ್ಕೆ ಇನ್ನೂ ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕೇ ಸರಿ.

ಆದರೆ ನನ್ನ ಮನಸ್ಸು ತಿರುಗಿಸಿದ್ದು ಅಕ್ಕನ ಮಗ. ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ಅವನು ಅರ್ಧ ಗಂಟೆ ಆಡಿ ಕೆಳಗಿಟ್ಟ. "ಮಾಮಾ, ಚಲೋ ಐತಿ, ಆದ್ರ ಬೆರಳು ನೋಯಾಕತ್ತಾವು" ಅಂದ. ಹನ್ನೊಂದು ವರ್ಷದ ಹುಡುಗನ ಪುಟ್ಟ ಕೈಗೇ ನೋವಾದರೆ ನನ್ನ ಕೈಯ ಮಾತೇನು! ತೆಳ್ಳಗಿನ ವಸ್ತುವನ್ನು ಬೆರಳ ತುದಿಗಳಿಂದ ಚಿವುಟಿ ಹಿಡಿಯಬೇಕಾಗುತ್ತದೆ, ಅಂಗೈಗೆ ಆಸರೆ ಸಿಗುವುದಿಲ್ಲ. ಅಷ್ಟು ದಿನ ವರ್ನಿಯರ್ ಕ್ಯಾಲಿಪರ್ ಹಿಡಿದು ಪೆಟ್ಟಿಗೆಯನ್ನು ಅಳೆದೆನೇ ಹೊರತು ಕೈಯನ್ನು ಅಳೆದಿರಲಿಲ್ಲ.

ಮರುವಾರ ಮನೆಯಲ್ಲಿ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಅವನ ಕೈಯಲ್ಲೂ ನನ್ನ ಕೈಯಲ್ಲೂ ಒತ್ತಿಸಿ ಅಚ್ಚು ತೆಗೆದೆ. ಎರಡರಲ್ಲೂ ಬೆರಳು ಮಡಚುವ ಕಡೆ, ಅಂದರೆ ಎಡಬಲ ತುದಿಗಳ ಹಿಂಬದಿಯಲ್ಲಿ, ದಪ್ಪ ಉಳಿದಿತ್ತು, ನಡುವೆ ತೆಳುವಾಗಿತ್ತು. ನನಗೆ ಬೇಕಾದ ಜಾಗ ಅಲ್ಲೇ ಇತ್ತು. ಹೊಸ ಪೆಟ್ಟಿಗೆಯನ್ನು ಅದೇ ಆಕಾರಕ್ಕೆ ಮಾಡಿದೆ. ಬಲಗಡೆಯ ಉಬ್ಬಿನಲ್ಲಿ 103450 ಬ್ಯಾಟರಿ, ಅದೇ ಅಗಲ ಉದ್ದ, ಎರಡು ಪಟ್ಟು ದಪ್ಪ, 2000 ಎಂಎಎಚ್. ಈ ಜಾತಿಯ ಬ್ಯಾಟರಿ ವಯಸ್ಸಾದಂತೆ ಉಬ್ಬುವುದರಿಂದ ಅದರ ಮೇಲೆ ಒಂದು ಮಿ.ಮೀ. ಖಾಲಿ ಬಿಟ್ಟೆ. ಎಡ ಉಬ್ಬಿನಲ್ಲಿ ಪೈ, ಮೇಲೆ 3 ಮಿ.ಮೀ. ಗಾಳಿ, ಸೀಳುಕಿಂಡಿಗಳು. ಬಿಸಿಯ ಚಿಪ್ಪಿಗೂ ಬ್ಯಾಟರಿಗೂ ದೂರವಾಯಿತು. ತುದಿಗಳಲ್ಲಿ 19 ಮಿ.ಮೀ., ನಡುವೆ 14. ಈಗ ಹೋಗಿಬರುವ ಎರಡೂ ಪಯಣಕ್ಕೆ ಚಾರ್ಜ್ ಸಾಕಾಗುತ್ತದೆ.

ಪರದೆಯಲ್ಲಿ ಮಾತ್ರ ರಾಜಿ ಮಾಡಿಕೊಂಡೆ. 2.4 ಇಂಚಿನ ಎಸ್‌ಪಿಐ ಪರದೆಗೆ, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಪರದೆಗೆ, ತಂತಿ ಕಡಿಮೆ. ಆದರೆ 320×240 ಚುಕ್ಕೆ, ಒಂದೊಂದಕ್ಕೆ 16 ಬಿಟ್ ಅಂದರೆ ಒಂದು ಚಿತ್ರಕ್ಕೆ 12 ಲಕ್ಷಕ್ಕೂ ಹೆಚ್ಚು ಬಿಟ್. 32 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 26 ಪೂರ್ತಿ ಚಿತ್ರ ಹೋಗುತ್ತವೆ, ಅಷ್ಟೆ. ಬದಲಾದ ಚುಕ್ಕೆಗಳನ್ನು ಮಾತ್ರ ಕಳಿಸುವ ಡ್ರೈವರ್ ಹಾಕಿದ ಮೇಲೆ ಓಟದ ಆಟಗಳೂ ನಯವಾದವು. ಹಲವು ತಂತಿಗಳಲ್ಲಿ ಬಿಟ್‌ಗಳನ್ನು ಒಟ್ಟಿಗೇ ಕಳಿಸುವ ಸಮಾಂತರ ತಂತಿಯ ಪರದೆ ಇನ್ನೂ ಚೆನ್ನ, ಆದರೆ ಅದು ಇಪ್ಪತ್ತಕ್ಕೂ ಹೆಚ್ಚು ಪಿನ್ ನುಂಗಿ ಬಟನ್‌ಗಳಿಗೆ ಪಿನ್ ಸಾಲದಂತೆ ಮಾಡುತ್ತದೆ.

ಇಯರ್‌ಫೋನ್ ಜ್ಯಾಕ್ ತೆಗೆಯಲಿಲ್ಲ. ತುಂಬಿದ ಬೋಗಿಯಲ್ಲಿ ಪಕ್ಕದವರ ಕಿವಿಗೆ ನನ್ನ ಆಟದ ಸದ್ದು ಬೀಳಬಾರದು. ಅದೇ ಕಾರಣಕ್ಕೆ ಟಕ್ ಟಕ್ ಅನ್ನುವ ಸ್ವಿಚ್ ಬಿಟ್ಟು, ಎರಡು ಮಿ.ಮೀ. ಹೆಚ್ಚು ಆಳ ಕೇಳಿದರೂ ರಬ್ಬರ್ ಪ್ಯಾಡ್ ಹಾಕಿದೆ. ಮೇಲಂಚಿನ ಎಡ ಬಲದ ಎಲ್, ಆರ್ ಬಟನ್‌ಗಳಿಗೆ ಮಾತ್ರ ಇನ್ನೂ ಹಳೆಯ ಸ್ವಿಚ್ಚೇ ಇದೆ. ಉಬ್ಬಿನ ತುದಿಯಲ್ಲಿ ರಬ್ಬರಿಗೆ ಜಾಗ ಹುಡುಕುತ್ತಿದ್ದೇನೆ. ದೀಪಾವಳಿ ರಜೆಗೆ ಹುಡುಗ ಬರುವುದರೊಳಗೆ ಅದನ್ನು ಮುಗಿಸಬೇಕು.