69 ಮರ ಎಣಿಸಿ 1,600 ಮರದ ಫಸಲು ಅಂದಾಜಿಸಿದ್ದು: ನನ್ನ ಅನುಭವ

ಚನ್ನಗಿರಿ ಕಡೆ ಅಡಿಕೆ ತೋಟವನ್ನು ಖೇಣಿಗೆ (ಕೊಯ್ಲಿಗೆ ಮುಂಚೆಯೇ ಫಸಲನ್ನು ಗುತ್ತಿಗೆಗೆ) ಕೊಡುವವರಿಗೆ ಕಣ್ಣಳತೆಯ ಪಾಡು ಗೊತ್ತೇ ಇದೆ. ನನ್ನದು ಮೂರು ಎಕರೆ, 9 ಅಡಿ ಅಂತರ, ಹೆಚ್ಚುಕಮ್ಮಿ 1,600 ಮರ. ನೋಡಿದವರು 160 ಕ್ವಿಂಟಾಲ್ ಹಸಿ ಅಡಿಕೆ ದಾಟಲ್ಲ ಅಂದರು. ನನ್ನ ಲೆಕ್ಕ 200ರ ಆಸುಪಾಸು ಬಂತು. ಅಷ್ಟು ಮರಕ್ಕೆ 69 ಮರದ ಲೆಕ್ಕ ಸಾಕಾ ಎಂದು ಕೇಳದವರಿಲ್ಲ. ಕೊನೇ ಕೊಯ್ಲಿನ ನಂತರ ತೂಕದ ಚೀಟಿ ಕೂಡಿದರೆ 190ರ ಮೇಲಿತ್ತು.

ಯಾವ ಮರ ಎಣಿಸಬೇಕು ಅನ್ನುವುದು ತೋಟಕ್ಕೆ ಕಾಲಿಡುವ ಮುಂಚೆಯೇ ಕಾಗದದ ಮೇಲೆ ತೀರ್ಮಾನವಾಗಿರಬೇಕು. ಒಳಗೆ ಹೋಗಿ ಆರಿಸಿದರೆ ಕಣ್ಣು ಗೊನೆ ತುಂಬಿದ ಮರಕ್ಕೇ ಹೋಗುತ್ತದೆ. ದಾರಿ ಬದಿಯ ಮರಗಳನ್ನು ಮಾತ್ರ ಎಣಿಸುವುದಂತೂ ಬೇಡ. ಅಲ್ಲಿ ಬೆಳಕು ಜಾಸ್ತಿ, ಗೊಬ್ಬರ ಇಳಿಸುವುದೂ ಅಲ್ಲೇ, ಲೆಕ್ಕ ಉಬ್ಬಿ ಕೂರುತ್ತದೆ.

ನಾನು ಹಿಡಿದದ್ದು 23 ಮರಕ್ಕೊಂದು. 1ರಿಂದ 23ರವರೆಗೆ ಚೀಟಿ ಬರೆದು ಒಂದು ಎತ್ತಿದರೆ ಮೊದಲ ಮರ ಸಿಕ್ಕಿತು, ಅಲ್ಲಿಂದ ಮುಂದೆ ಪ್ರತಿ 23ನೆಯದು. 25 ಯಾಕಲ್ಲ? ನನ್ನ ಸಾಲಿನಲ್ಲಿ 25 ಮರ. 25ಕ್ಕೊಂದು ಹಿಡಿದರೆ ಪ್ರತಿ ಸಾಲಿನಲ್ಲೂ ಅದೇ ಸ್ಥಾನದ ಮರ ಬರುತ್ತದೆ. ಮೊದಲ ಚೀಟಿ ಕಾಲುವೆ ಪಕ್ಕಕ್ಕೆ ಬಿದ್ದರೆ ಇಡೀ ಮಾದರಿಯೇ ಕಾಲುವೆ ಪಕ್ಕದ ಮರಗಳದ್ದಾಗುತ್ತದೆ. ಸಾಲಿನ ಮರದ ಸಂಖ್ಯೆಗೆ ಹೊಂದದ ಅಂಕಿಯನ್ನೇ ಹಿಡಿಯಿರಿ.

ಸತ್ತ ಮರದ ಜಾಗಕ್ಕೆ ನಂಬರ್ ಕೊಡಬೇಡಿ. ಆದರೆ ಮರ ನಿಂತಿದ್ದು ಗೊನೆ ಇಲ್ಲದಿದ್ದರೆ ಸೊನ್ನೆ ಅಂತ ಬರೆಯಲೇಬೇಕು, ಪಕ್ಕದ ಮರಕ್ಕೆ ಜಾರಬಾರದು. ಹೆಚ್ಚಿನ ಲೆಕ್ಕಗಳು ಕೆಡುವುದು ಇಲ್ಲೇ.

ಕಾಯಿ ನಿಂತ ಮೇಲೆ ಎಣಿಸಿದೆ, ಪ್ರತಿ ಮರವನ್ನು ಎರಡು ಬದಿಯಿಂದ ನೋಡಿ. ಮೊಬೈಲ್ ಫೋಟೋದಿಂದ ಎಣಿಸಿಯೂ ನೋಡಿದ್ದೇನೆ. ಹಿಂಬದಿಯ ಗೊನೆ ಸೋಗೆಯ ಮರೆಗೆ ಹೋಗಿ ಲೆಕ್ಕ ಕಮ್ಮಿ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಒಂದು ಮರಕ್ಕೆ ಒಂದು ಗೆರೆ: ಸಾಲು, ಮರ, ಗೊನೆ. ತಾಳೆ ಗುರುತು (ಐದೈದರ ಗುಂಪಿನಲ್ಲಿ ಎಣಿಸುವ ಗೆರೆ) ಮನೆಗೆ ಬಂದ ಮೇಲೆ. ನೇರ ತಾಳೆ ಗುರುತೇ ಹಾಕಿದರೆ ಅನುಮಾನ ಬಂದಾಗ ಮರಕ್ಕೆ ವಾಪಸ್ ಹೋಗಲು ದಾರಿ ಇರುವುದಿಲ್ಲ.

ಆವೃತ್ತಿ ಪಟ್ಟಿ, ಅಂದರೆ ಎಷ್ಟು ಗೊನೆಯ ಮರ ಎಷ್ಟಿವೆ ಅನ್ನುವ ಪಟ್ಟಿ, ಹೀಗಿತ್ತು: ಗೊನೆಯೇ ಇಲ್ಲದವು 5 ಮರ, ಒಂದು ಗೊನೆಯವು 7, ಎರಡರವು 14, ಮೂರರವು 21, ನಾಲ್ಕರವು 15, ಐದರವು 6, ಆರರದು 1. ಒಟ್ಟು 194 ಗೊನೆ, ಸರಾಸರಿ 2.8. ಆ ಐದು ಸೊನ್ನೆಗಳನ್ನು ಬಿಟ್ಟಿದ್ದರೆ ಸರಾಸರಿ 3ಕ್ಕೆ ಏರಿ, ಇಡೀ ತೋಟಕ್ಕೆ 350 ಗೊನೆ ಸುಳ್ಳೇ ಸೇರುತ್ತಿತ್ತು. ಗೊನೆಗೆ ನಾಲ್ಕೂವರೆ ಕೆ.ಜಿ. ಅಂದರೆ 15-16 ಕ್ವಿಂಟಾಲ್ ಹಸಿ, ಒಣಗಿಸಿದರೆ ಎರಡು ಕ್ವಿಂಟಾಲ್. ಕ್ವಿಂಟಾಲ್ ರಾಶಿಗೆ (ಬೇಯಿಸಿ ಒಣಗಿಸಿದ ಕೆಂಪಡಿಕೆಗೆ) 50,000 ರೂಪಾಯಿ ಹಿಡಿದರೂ ಒಂದು ಲಕ್ಷದ ಮಾತು.

ಮಧ್ಯಾಂಕ (ಮರಗಳನ್ನು ಗೊನೆಯ ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವುದು) 3, ಬಹುಲಕವೂ (ಅತಿ ಹೆಚ್ಚು ಸಲ ಬಂದದ್ದು) 3. ತೋಟ ಹೇಗಿದೆ ಎಂದು ಯಾರಾದರೂ ಕೇಳಿದರೆ ಮರಕ್ಕೆ ಮೂರು ಗೊನೆ ಅನ್ನಿ, ತಪ್ಪಿಲ್ಲ. ಆದರೆ ಒಟ್ಟು ಫಸಲಿಗೆ ಗುಣಿಸಬೇಕಾದದ್ದು ಸರಾಸರಿಯನ್ನೇ. ಮೂರರಿಂದ ಗುಣಿಸಿದರೆ 4,800, ಸರಾಸರಿಯಿಂದ 4,500.

ಪಟ್ಟಿಯನ್ನು ಭಾಗವಾರು ಒಡೆದೂ ಇಡಿ. ಕಾಲುವೆ ಬದಿಯ 30 ಮರಕ್ಕೆ ಸರಾಸರಿ 3.4, ನಡುವಿನ 22ಕ್ಕೆ 2.9, ಮೇಲಿನ ಒಣ ಅಂಚಿನ 17ಕ್ಕೆ 1.7ರ ಹತ್ತಿರ. ಖೇಣಿಯವರು ಒಣ ಅಂಚನ್ನು ತೋರಿಸಿ ಇಡೀ ತೋಟದ ದರ ಇಳಿಸಲು ಹೊರಟಾಗ ಈ ಮೂರು ಸಾಲಿನ ಪಟ್ಟಿ ಮುಂದಿಟ್ಟರೆ ಸಾಕು.

ಓಡಾಟ ಉಳಿಸಲು ಇನ್ನೊಂದು ಪ್ರಯೋಗವನ್ನೂ ಮಾಡಿದೆ: 14 ಕಡೆ ನಿಂತು ಅಲ್ಲಲ್ಲೇ ಅಕ್ಕಪಕ್ಕದ ಐದೈದು ಮರ ಎಣಿಸುವುದು. ಮರ 70 ಆದವು, ಕೆಲಸ ಬೇಗ ಮುಗಿಯಿತು, ಆದರೆ ನಂಬುವಂತಿರಲಿಲ್ಲ. ಒಂದೇ ಮಣ್ಣು, ಒಂದೇ ನೀರು ಉಂಡ ಐದು ಮರ ಹೇಳುವುದು ಹೆಚ್ಚುಕಮ್ಮಿ ಒಂದೇ ಸಂಗತಿ.

ತೂಕಕ್ಕೆ ಹಿಂದಿನ ವರ್ಷದ ಮೊದಲ ಕೊಯ್ಲಿನಲ್ಲಿ ತೂಗಿಟ್ಟ ಗೊನೆಗಳೇ ಆಧಾರ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರಿಗೆ ಬಿಟ್ಟರೆ ದೊಡ್ಡದನ್ನೇ ಇಳಿಸುತ್ತಾರೆ. ಮರದಲ್ಲಿ ಕೊಯ್ಲಿಗೆ ಬಂದ ಗೊನೆಗಳಿಗೆ ನಂಬರ್ ಕೊಟ್ಟು ದಾಳ ಹಾಕಿ, ಬಿದ್ದ ನಂಬರಿನದನ್ನೇ ಇಳಿಸಿ ತೂಗಿದೆ, ದಂಟು ಬಿಟ್ಟು. ಎರಡು ಕೆ.ಜಿ.ಯಿಂದ ಎಂಟರವರೆಗೂ ಇದ್ದವು. ಕೊಳೆ ರೋಗ, ಕಾಯಿ ಉದುರುವಿಕೆಗೆ ಯಾವ ಭಾಗಕ್ಕೆ ಎಷ್ಟು ಕಳೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಒಂದು ಮಾತು ಗಮನದಲ್ಲಿರಲಿ. ಈ ಪಟ್ಟಿಯ ಮಾನಕ ವಿಚಲನೆ, ಅಂದರೆ ಮರದಿಂದ ಮರಕ್ಕೆ ಗೊನೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ, 1.4ರಷ್ಟು. 69 ಮರವಷ್ಟೇ ಎಣಿಸಿದ್ದರಿಂದ ಇಡೀ ತೋಟದ ನಿಜವಾದ ಸರಾಸರಿ 2.5ರಿಂದ 3.1ರ ನಡುವೆ ಎಲ್ಲಾದರೂ ಇರಬಹುದು, ಅಂದರೆ 180ರಿಂದ 225 ಕ್ವಿಂಟಾಲ್. ಈ ಅಂತರ ಅರ್ಧಕ್ಕೆ ಇಳಿಯಬೇಕೆಂದರೆ ಮರ ನಾಲ್ಕು ಪಟ್ಟು ಬೇಕು, 276. ಎದುರಿನವರು 160 ಅಂದರೆ 69 ಮರವೇ ಸಾಕು, ಆ ಅಂಕಿ ಅಂತರದ ಹೊರಗಿದೆ. 190 ಅಂದರೆ ಮಾತ್ರ ಇನ್ನೊಂದು ದಿನದ ಕೂಲಿ ಕೊಟ್ಟು 276ರಲ್ಲಿ ಉಳಿದ ಮರ ಎಣಿಸಿ, ಆಮೇಲೆ ದರದ ಮಾತಿಗೆ ಕೂರಿ.